ಓದಿ ಸುಟ್ಟ ಕಾಗದಗಳು

ಒಕಾಜಾಕಿ, ಜಪಾನ್, ೧೪ ಅಕ್ಟೋಬರ್, ಮಂಗಳವಾರ

ಬೆಳಗಿನಿಂದ ಒಂದೇ ಮಾತು ಕೊರೆಯುತ್ತಿದೆ. ಮನೆಯೊಡತಿ ಹಯಾಮಿ ಸಾನ್ ಅವರ ತೀರಿಹೋದ ಗಂಡ ಗಣಿತಜ್ಞ. ಯುದ್ಧಕಾಲದಲ್ಲಿ ಶತ್ರುಗಳ ಗುಪ್ತ ಸಂದೇಶ ಬಿಡಿಸುತ್ತಿದ್ದವರು, ಆಮೇಲೆ ಇಲ್ಲೇ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾದರು. ಓದಿದ ಕಾಗದವನ್ನು ಸುಡುವ ಅಭ್ಯಾಸ ಮಾತ್ರ ಬಿಡಲಿಲ್ಲವಂತೆ.

"ಮದುವೆಗೆ ಮುಂಚೆ ನಾನು ಬರೆದಿದ್ದನ್ನೂ ಸುಟ್ರು" ಎಂದರು, ಹಣ್ಣು ಹೆಚ್ಚುತ್ತಾ. ಎಂಥ ಒರಟ ಎಂದುಕೊಂಡೆ.

"ಆದ್ರೆ ಎಲ್ಲಾ ಬಾಯಿಪಾಠ. ಆಸ್ಪತ್ರೆಯಲ್ಲಿ ಕೊನೇ ದಿನ ನನ್ನ ಮೊದಲನೇ ಕಾಗದ ಪೂರ್ತಿ ಹೇಳಿದ್ರು."

ನನ್ನವನು, ಉಮಾಶಂಕರ್, ಎರಡು ವರ್ಷದಿಂದ ಮೈಸೂರಿನಿಂದ ಕಳಿಸಿದ ಮೆಸೇಜುಗಳೆಲ್ಲ ಫೋನಿನಲ್ಲಿ ಭದ್ರವಾಗಿವೆ. ಈಗ ಫೋನು ದೂರವಿಟ್ಟು, ಕಣ್ಣು ಮುಚ್ಚಿ, ಒಂದನ್ನಾದರೂ ನೆನಪು ಮಾಡಿಕೊಳ್ಳಲು ನೋಡಿದೆ. 'ಊಟ ಆಯ್ತಾ?' ಅಷ್ಟೇ ಬಂತು.

ಹದಿನೈದು ದಿನದಿಂದ ಅದೂ ಇಲ್ಲ.