ಲೋಡು ಎಷ್ಟಿದೆ?

ಲೊಕ್ಕನಹಳ್ಳಿ
೬-೬-೧೯೬೮

ಚಿರಂಜೀವಿ ಸೌಭಾಗ್ಯವತಿ ತಂಗಿ ಚಿಕ್ಕನಿಂಗಮ್ಮನಿಗೆ ಅಕ್ಕನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ, ನನ್ನ ಹೊಟ್ಟೆ ಮಾತ್ರ ಉರಿಯುತ್ತಿದೆ. ಇವತ್ತು ಅದನ್ನು ಬರೆದೇಬಿಡುತ್ತೇನೆ.

ಮೈಸೂರಿನಿಂದ ನಿಮ್ಮ ಹಿಟ್ಟಿನ ಮಿಲ್ಲೂ ನಮ್ಮದೂ ಒಂದೇ ಲಾರಿಯಲ್ಲಿ ಬಂದವು. ನಿಮ್ಮದು ಹನೂರಿನಲ್ಲಿ ಇಳಿದ ವಾರಕ್ಕೇ ತಿರುಗಿತು. ನಮ್ಮದು ಕರೆಂಟಿಗೆ ಕಾಯುತ್ತಾ ವರ್ಷವಾಯಿತು. ರಾಗಿ ಸುರಿಯುವ ಬಾಯೊಳಗೆ ಕೋಳಿ ಮೊಟ್ಟೆ ಇಡುತ್ತಿದೆ. ನಮ್ಮೂರಿನವರೇ ಗಾಡಿ ಕಟ್ಟಿಕೊಂಡು ನಮ್ಮ ಬಾಗಿಲ ಮುಂದೆಯೇ ನಿಮ್ಮ ಮಿಲ್ಲಿಗೆ ಹೋಗುತ್ತಾರೆ. ಬಂದು ಹಿಟ್ಟು ತೋರಿಸಿ, ನಿನ್ನ ಕೈಗುಣ ಹೊಗಳುತ್ತಾರೆ. ಕೈಗುಣವಂತೆ. ನಿನ್ನ ಮನೆ ಮುಂದೆ ಕರೆಂಟು ಕಂಬವಿದೆ, ಟಾರು ರಸ್ತೆಯಿದೆ. ನಮಗೆ ಎರಡೂ ಇಲ್ಲ. ಮಿಲ್ಲು ಕೊಂಡರೆ ವ್ಯಾಪಾರ ಆದಂತೆ ಎಂದುಕೊಂಡಿದ್ದೆವು; ಮಿಲ್ಲಿಗಿಂತ ಮೊದಲು ಬೇಕಾದದ್ದು ನಮ್ಮ ಕೈಯಲ್ಲಿ ಇರಲೇ ಇಲ್ಲ.

ಹೋದ ತಿಂಗಳು ಕರೆಂಟ್ ಇಂಜಿನಿಯರು ಬಂದಿದ್ದರು. ಕರೆಂಟಿಗೆ ಕೆಲಸವಿರುವ ಊರಿಗೇ ಮೊದಲು ಕಂಬ ಹಾಕುತ್ತಾರಂತೆ. ಊರಲ್ಲಿ ಲೋಡು ಎಷ್ಟಿದೆ ಎಂದು ನಿನ್ನ ಭಾವನನ್ನು ಕೇಳಿದರು. ಇವರು ಎದ್ದು ನಿಂತು ಕೈ ಮುಗಿದು, "ಸುಗ್ಗೀಲಿ ನಲವತ್ತು ಗಾಡಿ ಲೋಡು ಆಯ್ತದೆ ಸಾ. ಈಗ ಒಂದೂ ಇಲ್ಲ" ಅಂದರು. ಇಂಜಿನಿಯರು ಕೇಳಿದ್ದು ಕರೆಂಟು ಎಳೆಯುವ ಮಿಲ್ಲು, ಪಂಪ್‌ಸೆಟ್ಟುಗಳ ವಿಷಯ. ಇಲ್ಲ ಎಂದು ಬರೆದುಕೊಂಡು ಜೀಪು ಹತ್ತಿದರು. ನಮ್ಮ ಮಿಲ್ಲು ಅಲ್ಲಿಂದ ಹತ್ತು ಮಾರು ದೂರದಲ್ಲಿತ್ತು. ಕಂಬಗಳು ಬೇರೆ ಊರಿಗೆ ಹೋದವು.

ಅವತ್ತಿನಿಂದ ಊರಿನವರು ಇವರನ್ನು ಲೋಡಪ್ಪ ಎಂದು ಕರೆಯುತ್ತಾರೆ. ಇವರು ಚಾವಡಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಊಟ ಬಡಿಸುವಾಗ ಇವರ ಮುಖ ನೋಡಲು ನನಗೆ ಆಗುವುದಿಲ್ಲ. ಮಿಲ್ಲನ್ನು ನಿಮಗೇ ಮಾರಿಬಿಡೋಣ ಎನ್ನುತ್ತಿದ್ದಾರೆ. ಅದೂ ನಿನ್ನ ಮನೆ ಸೇರಿದರೆ ನಾನು ಸಹಿಸಲಾರೆ, ಬೈದುಕೋ ಬೇಕಾದರೆ.

ಈ ತಿಂಗಳ ಕೊನೆಗೆ ಇಂಜಿನಿಯರು ಇನ್ನೊಂದು ಸಲ ಬರುತ್ತಾರಂತೆ. ಅದೇ ಕೊನೆಯ ಸಲವಂತೆ.

ನಿನ್ನ ಅಕ್ಕ,
ಪುಟ್ಟಬಸಮ್ಮ

ತಾ.ಕ.: ಯುಗಾದಿಗೆ ಮುಂಚೆ ನೀನು ನನಗೊಂದು ಕಾಗದ ಬರೆದಿದ್ದೆ. ಇಂಜಿನಿಯರು ಲೋಡು ಕೇಳುತ್ತಾರೆ, ಆಗ ಮಿಲ್ಲು ತೋರಿಸಬೇಕು, ಭಾವನಿಗೆ ಹೇಳು ಎಂದು ನಿನ್ನ ಯಜಮಾನರು ಅದರಲ್ಲಿ ನಿನ್ನ ಕೈಯಲ್ಲಿ ಬರೆಸಿದ್ದರು. ನಿನ್ನ ಗಂಡನಿಂದ ನನ್ನ ಗಂಡ ಬುದ್ಧಿ ಕಲಿಯಬೇಕೇ ಎಂದು ಅದನ್ನು ಒಲೆಗೆ ಹಾಕಿದೆ. ಇವರಿಗೆ ಇನ್ನೂ ಗೊತ್ತಿಲ್ಲ. ಅದನ್ನೇ ಮತ್ತೆ ಬರೆ, ಈ ಸಲ ಇವರ ಹೆಸರಿಗೆ ಬರೆ. ಮೊದಲೂ ಬರೆದಿದ್ದೆ ಎಂದು ಮಾತ್ರ ಬರೆಯಬೇಡ.