ಅಪ್ಪ ಕೊಡದೆ ಹೋದ ಕಾಗದ

ಮಾರ್ಚ್ 4, ಬೆಳಿಗ್ಗೆ ಏಳು

ಇವತ್ತೂ ಪುಟ್ಟಿಯ ಜಡೆ ಸೊಟ್ಟ. "ತಾತ ಹೀಗೆ ಎಳೀತಿರಲಿಲ್ಲ" ಅಂದಳು. ಮೂವತ್ತೈದು ವರ್ಷ ಲಾಠಿ ಹಿಡಿದ ಕೈ. ಒಂಬತ್ತು ವರ್ಷದ ಮೊಮ್ಮಗಳ ತಲೆಗೆ ಒಂಚೂರೂ ನೋವಾಗದಂತೆ ಹೆಣೆಯುತ್ತಿತ್ತು. ಅಪ್ಪ ಹೋಗಿ ಇವತ್ತಿಗೆ ಹದಿನೆಂಟು ದಿನ.

ಶನಿವಾರ ಸ್ಟೇಷನ್‌ನಲ್ಲಿ ಶ್ರದ್ಧಾಂಜಲಿ ಸಭೆ. ಅಪ್ಪನ ಹಳೆಯ ಸಾಹೇಬರದೇ ಅಧ್ಯಕ್ಷತೆ. ನಾನೂ ನಾಲ್ಕು ಮಾತಾಡಬೇಕಂತೆ. ಬರೆಯಲು ಕೂತರೆ... ಕಾನ್‌ಸ್ಟೇಬಲ್ ಆಗಿ ಸೇರಿದರು, ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದರು, ಲಂಚ ಮುಟ್ಟಲಿಲ್ಲ. ಅಷ್ಟೇ ಗೊತ್ತು. ಕೆಲಸದ ವಿಷಯ ಮನೆಯಲ್ಲಿ ಪಿಟ್ಟೆನ್ನುತ್ತಿರಲಿಲ್ಲ.

ಮಾರ್ಚ್ 5

ಸಂಜೆ ಒಬ್ಬ ಹೆಂಗಸು ಬಂದರು. ಅರವತ್ತರ ಆಸುಪಾಸು. ಸ್ಕೂಲ್ ದಾರಿಯ ಟೈಲರ್ — ಅಳತೆ ಟೇಪು ಕುತ್ತಿಗೆಯಲ್ಲೇ ಇತ್ತು. ಕೂರಲಿಲ್ಲ.

"ನಿಮ್ಮ ತಂದೆಯವರು ಒಂದು ಕಾಗದ ಕೊಡ್ತೀನಿ ಅಂದಿದ್ರು. ಬರೆದಿಟ್ಟಿದಾರಾ?"

"ಏನು ಕಾಗದ?"

"ನಮ್ಮೆಜಮಾನ್ರು ಲಾಕಪ್ಪಲ್ಲಿ ಹೇಗೆ ಸತ್ರು ಅಂತ. ಇಪ್ಪತ್ತೆಂಟು ವರ್ಷ ಆಯ್ತು. ಜಾರಿ ಬಿದ್ರು ಅಂತ ಬರೆದ್ರು. ಬರೆದೋರು ನಿಮ್ಮಪ್ಪಾನೇ ಅಮ್ಮಾ."

ಸಿಕ್ಕರೆ ಹೇಳುತ್ತೇನೆ ಅಂದೆ. ಬಾಗಿಲು ಹಾಕಿ ಅಪ್ಪನ ಫೈಲುಗಳನ್ನು ಕೆಳಗಿಳಿಸಿದೆ.

ಮಾರ್ಚ್ 6

ಸಿಕ್ಕಿತು. ಪೆನ್ಶನ್ ಫೈಲಿನ ತಳದಲ್ಲಿ. ಅಪ್ಪನ ದುಂಡಕ್ಷರ.

"ಸಾಹೇಬರು ಹೊಡೆದರು. ನಾನು ಬಾಗಿಲಲ್ಲಿ ಕಾವಲಿದ್ದೆ. ಮಧ್ಯಾಹ್ನ ಮೂರಕ್ಕೆ ಆತ ನೀರು ಕೇಳಿದ. ಕೊಡಬೇಡ ಎಂದು ಆರ್ಡರ್. ಕೊಡಲಿಲ್ಲ. ನಾಲ್ಕೂವರೆಗೆ ನರಳಾಟ ನಿಂತಿತು. ಜಾರಿ ಬಿದ್ದನೆಂದು ನಾನೇ ಬರೆದೆ. ಆತ ಕದ್ದಿರಲಿಲ್ಲ. ಕದ್ದವನು ಮರುವಾರ ಸಿಕ್ಕ."

ಕೆಳಗೆ ಸಹಿ. ತಾರೀಖು ಐದು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದಾರೆ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ: ಮಗು ಇನ್ನೂ ಚಿಕ್ಕದು. ಮುಂದಿನ ವರ್ಷ.

ಅಣ್ಣನಿಗೆ ಫೋನ್ ಮಾಡಿದೆ. "ಹರಿದು ಒಲೆಗೆ ಹಾಕು. ಸತ್ತವರ ಮೇಲೆ ಮಣ್ಣು ಹಾಕ್ತಾರೆ, ಕೆಸರು ಎರಚಲ್ಲ. ಪುಟ್ಟಿ ಮುಖ ನೋಡೇ!"

ಅಪ್ಪ ನೋಡಿದ್ದೂ ಅದನ್ನೇ.

ಮಾರ್ಚ್ 8, ಶನಿವಾರ

ಹೇಡಿ ನಾನು. ಸಾಹೇಬರು ಅಪ್ಪನನ್ನು "ನನ್ನ ಬಲಗೈ" ಅಂದರು. ಮೈ ಉರಿಯಿತು. ಆದರೂ ಬರೆದುಕೊಂಡು ಹೋಗಿದ್ದನ್ನೇ ಓದಿ ಕೂತೆ. ಪುಟ್ಟಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಮಾರ್ಚ್ 19

ಹನ್ನೊಂದು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಮಾಡಿರಲಿಲ್ಲ. ಕಾಗದ ಅಪ್ಪನ ಫೈಲಿನಿಂದ ನನ್ನ ಬೀರುವಿಗೆ ಬಂದಿತ್ತು, ಅಷ್ಟೇ.

ಇವತ್ತು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಸ್ಕೂಲಿನಿಂದ ಪುಟ್ಟಿಯನ್ನು ಕರೆದುಕೊಂಡು ಬರುವಾಗ ಟೈಲರ್ ಅಂಗಡಿಗೆ ಹೋಗಿ ಕೊಟ್ಟೆ. ಮಷಿನ್ ನಿಲ್ಲಿಸಿ ಓದಿದರು. ಎರಡು ಸಲ. ಅಳಲಿಲ್ಲ.

"ನೀರು ಕೇಳಿದ್ರಂತೆ..." ಅಂದರು, ಗೋಡೆಗೆ ಹೇಳಿದಂತೆ. "ನಿಮ್ಮಪ್ಪ ಬಾಗಿಲಲ್ಲೇ ಇದ್ರಂತೆ. ಕೊಡಲಿಲ್ವಂತೆ."

ಪುಟ್ಟಿ ನೆಲದ ಮೇಲಿನ ಬಟ್ಟೆ ಚೂರು ಆರಿಸುತ್ತಿದ್ದಳು. ಕೈ ನಿಂತಿತು. ಅವಳನ್ನು ಹೊರಗೆ ನಿಲ್ಲಿಸಬೇಕಿತ್ತು. ಹೊಳೆಯಲೇ ಇಲ್ಲ.

"ಕೋರ್ಟಿಗೆ ಕೊಡ್ತೀನಿ. ಇದು ನಿಮ್ಮಪ್ಪನ ಕೈಬರಹಾನೇ ಅಂತ ಬಂದು ಹೇಳ್ತೀರಾ?"

"ಹೇಳ್ತೀನಿ."

ಅವರು ಥ್ಯಾಂಕ್ಸ್ ಅನ್ನಲಿಲ್ಲ. ಯಾಕಾದರೂ ಅನ್ನಬೇಕು?

ಮಾರ್ಚ್ 20, ಸಂಜೆ ಐದು

ಅಣ್ಣನಿಗೆ ಹೇಳಿದೆ. "ಇವತ್ತಿಂದ ನನಗೆ ತಂಗಿ ಇಲ್ಲ" ಅಂದ. ಫೋನ್ ಇಟ್ಟುಬಿಟ್ಟ.

ಪುಟ್ಟಿ ಬೆಳಿಗ್ಗೆ ಕೂದಲು ಮುಟ್ಟಲೂ ಬಿಡಲಿಲ್ಲ. ಈಗ ಬಂದು ಕೇಳಿದಳು:

"ಅವರು ನೀರು ಕೇಳಿದ್ದು ತಾತಂಗೆ ಕೇಳಿಸಿತ್ತಾ?"

"ಕೇಳಿಸಿತ್ತು."

"ನಂಗೆ ಜ್ವರ ಬಂದಾಗ ಕೇಳೋಕ್ಕೆ ಮುಂಚೇನೇ ತಂದ್ಕೊಡ್ತಿದ್ರು. ಅವರಿಗ್ಯಾಕೆ ಕೊಡಲಿಲ್ಲ?"

ಒಂದು ನಿಮಿಷ ಇರು, ಹೇಳ್ತೀನಿ ಅಂದೆ. ಮೊದಲು ಇಲ್ಲಿ ಬರೆದುಕೊಂಡರೆ ಬಾಯಿಗೆ ಬಂದೀತೇನೋ ಅಂತ. ಎದುರಿಗೇ ಕೂತಿದ್ದಾಳೆ, ಮಂಡಿ ತಬ್ಬಿಕೊಂಡು.

ಪುಟ್ಟೀ, ನಿನ್ನ ತಾತ ಅವತ್ತು...