ಮೊದಲ ಏಟಿಗೆ ಮೂರು ತಾಸು

ಕೊಪ್ಪಳ
೨೪ ಅಕ್ಟೋಬರ್ ೧೯೪೮

ಶಾಲೆಯ ಮಾಸ್ತರರಾದ ನನ್ನ ಯಜಮಾನರಿಗೆ,

ತವರಿನಿಂದ ಗುರುಲಿಂಗಮ್ಮನ ಶರಣು. ನೀವೇ ಕಲಿಸಿದ ಅಕ್ಷರ. ತಪ್ಪಿದ್ದರೆ ಬೆತ್ತ ಹಿಡಿಯಬೇಡಿ.

ನಿಮ್ಮ ಕಾಗದ ಬಂತು. ಮನೆಗೆ ಬಾ ಎಂದು ಎರಡು ಸಾಲು, ಉಳಿದ ಮೂರು ಪುಟ ಮಂಗನ ಪುರಾಣ. ಮನುಷ್ಯ ಮಂಗನಿಂದ ಬಂದವನು, ಆನೆಗೊಂದಿಯ ಗುಡ್ಡದಲ್ಲಿ ಹೊಸ ಗಂಡು ಮುಸುವ ಹಿಂಡಿಗೆ ನುಗ್ಗಿದರೆ ಹಳೆಯದರ ಮರಿಗಳನ್ನು ಕಚ್ಚಿ ಕೊಲ್ಲುತ್ತದೆ, ಹಿರೇಬೆಣಕಲ್ಲಿನ ಬಂಡೆಯ ಮೇಲೂ ಆದಿಕಾಲದವರು ಆಯುಧ ಹಿಡಿದ ಚಿತ್ರ ಬರೆದಿದ್ದಾರೆ, ಕೊಲ್ಲುವುದು ನಮ್ಮ ರಕ್ತದಲ್ಲೇ ಇದೆ ಎಂದಿದ್ದೀರಿ. ಮೊಸರು ತಿಂದ ಮಂಗ ಮೇಕೆಯ ಬಾಯಿಗೆ ಒರೆಸಿತಂತೆ. ನೀವು ಮಂಗನ ಬಾಯಿಗೇ ಒರೆಸಿದ್ದೀರಿ.

ಶ್ರಾವಣದಲ್ಲಿ ರಜಾಕಾರರು ನನ್ನ ತಮ್ಮ ಕಳಕಪ್ಪನನ್ನು ಕಡಿದರು. ನಿಜಾಮನ ಫೌಜು ಶರಣಾದ ಮೂರನೇ ದಿನ ನೀವು ಇಪ್ಪತ್ತು ಜನ ಸೇರಿ ಪಿಂಜಾರ ಹುಸೇನಸಾಬನನ್ನು ಬೇವಿನ ಮರಕ್ಕೆ ಕಟ್ಟಿದಿರಿ. ರಜಾಕಾರರಿಗೂ ಅವನಿಗೂ ಸಂಬಂಧವಿರಲಿಲ್ಲ, ಹೆಸರೊಂದೇ ಸಾಕಾಯಿತು. ನಮ್ಮ ಮದುವೆಯ ಗಾದಿಗೆ ಅರಳೆ ಹಿಂಜಿದವನು ಅವನೇ.

ರಕ್ತದಲ್ಲೇ ಇದ್ದಿದ್ದರೆ ಕಟ್ಟಿದ ಕೂಡಲೇ ಮುಗಿಸಬೇಕಿತ್ತು. ಹಸಿದವನಿಗೆ ಉಣ್ಣು ಎಂದು ಯಾರೂ ಭಾಷಣ ಮಾಡುವುದಿಲ್ಲ. ನೀವು ಮೂರು ತಾಸು ಕಟ್ಟೆಯ ಮೇಲೆ ಕುಳಿತಿರಿ. ಸೆರೆ ಕುಡಿದಿರಿ, ಕಳಕಪ್ಪನ ಹೆಸರು ಕೂಗಿದಿರಿ, ಕೊಡಲಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಿದಿರಿ. ದೊಡ್ಡಬಸಪ್ಪ ಎತ್ತಿದ ಕೊಡಲಿ ಇಳಿಸಿ, ಇವ ನನ್ನ ಮಗಳನ್ನ ಎತ್ತಿ ಆಡಿಸ್ಯಾನ, ನನ್ನ ಕೈಲೆ ಆಗಂಗಿಲ್ಲ ಎಂದ. ಹುಸೇನಸಾಬ ನಿಮ್ಮನ್ನೇ ನೋಡಿ, ಮಾಸ್ತರ್ರ, ಒಂದೀಟು ನೀರು ಕುಡಸ್ರಿ ಎಂದ. ಕುಡಿಸಿದಿರಿ.

ಆಮೇಲೆ ಒಮ್ಮೆಲೇ ಎದ್ದಿರಿ. ಮೊದಲ ಏಟು ನಿಮ್ಮದು, ಹೆಗಲಿಗೆ. ಎರಡನೆಯದೂ ನಿಮ್ಮದೇ, ಕುತ್ತಿಗೆಗೆ. ಅಲ್ಲಿಂದ ಎಲ್ಲರಿಗೂ ಧೈರ್ಯ ಬಂತು. ಸತ್ತ ಮೇಲೂ ಹೊಡೆದರು, ಕಲ್ಲು ಎತ್ತಿಹಾಕಿ ಮುಖ ಜಜ್ಜಿದರು. ದೊಡ್ಡಬಸಪ್ಪನೂ ಹೊಡೆದ. ಸಂಜೆ ನೀವು ಬಾವಿಯ ಹತ್ತಿರ ಕೈ ತೊಳೆದು ತೊಳೆದು ವಾಂತಿ ಮಾಡಿಕೊಂಡಿರಿ. ಮರಿ ಕೊಂದ ಮುಸುವ ವಾಂತಿ ಮಾಡಿಕೊಳ್ಳುತ್ತದೆಯೇ?

ನನಗೆ ಸಿಟ್ಟಿದೆ, ಅದಕ್ಕಿಂತ ಹೆಚ್ಚು ನಾಚಿಕೆಯಿದೆ. ಅವನ ಹೆಂಡತಿ ಖಾಜಾಬೀಯ ಮುಂದೆ ನಿಂತು, ನಿನ್ನ ಗಂಡನನ್ನು ಕೊಂದವನು ನಾನು, ಮಂಗ ಅಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ಹೇಳಿದ ದಿನ ಮನೆಗೆ ಬರುತ್ತೇನೆ. ಅಲ್ಲಿಯವರೆಗೆ ಗಾಡಿ ಕಳಿಸಬೇಡಿ.

ಇಂತಿ ನಿಮ್ಮ ಹೆಂಡತಿ,
ಗುರುಲಿಂಗಮ್ಮ

ತಾ.ಕ.: ಕಾಗದ ಮಡಿಚಿದವಳು ಮತ್ತೆ ಬಿಚ್ಚಿದೆ. ನೀವು ನೀರು ಕುಡಿಸಿದ್ದನ್ನು ಕಂಡು ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಬಳಿ ತೊಟಗೊಂಡು ಕುಂದರ್ರಿ, ಕೊಡಲಿ ನನ್ನ ಕೈಯಾಗ ಕೊಡ್ರಿ ಎಂದು ಮಾಳಿಗೆಯ ಮೇಲಿಂದ ಕಿರುಚಿದವಳು ನಾನು. ಅದನ್ನು ನೀವು ಇದುವರೆಗೆ ಯಾರಿಗೂ ಹೇಳಿಲ್ಲ, ಮೂರು ಪುಟದಲ್ಲಿ ನನಗೂ ಬರೆದಿಲ್ಲ. ನಿನ್ನೆ ಖಾಜಾಬೀ ಇಲ್ಲಿಗೆ ಬಂದಿದ್ದಳು. ಊರಾಗ ನನ್ನ ಗಂಡಗ ಅತ್ತಾಕಿ ನೀ ಒಬ್ಬಾಕಿನ ಅಕ್ಕಾ ಎಂದು ನನ್ನ ಎರಡೂ ಕೈ ಹಿಡಿದಳು. ನಾನೂ ಅವಳ ಕೈ ಹಿಡಿದುಕೊಂಡೇ ಕುಳಿತಿದ್ದೆ. ಹೇಳಲಿಲ್ಲ.